ಆಕಾಶದಿಂದ ಬಂಡೆ ಬಿದ್ದರೆ? ಮುಂಬಯಿ, ಪುಣೆ, ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಸಂಘಗಳ ಸಭೆಗಳಲ್ಲಿ, ಪತ್ರಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಕ್ಷುದ್ರಗ್ರಹಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತನ್ನು ತಿದ್ದಿಲ್ಲ. ಕರಾವಳಿಯವರದು ಕರಾವಳಿಯ ಹಾಗೆ, ಉತ್ತರ ಕರ್ನಾಟಕದವರದು ಅವರ ಹಾಗೆ. ಸುಲಭದ್ದು ಮೊದಲು, ತಲೆ ತಿನ್ನುವುದು ಕೊನೆಗೆ.

## ಮೊದಲ ಪಾಠ

ಉಲ್ಕೆ, ಉಲ್ಕಾಶಿಲೆ, ಕ್ಷುದ್ರಗ್ರಹ, ಧೂಮಕೇತು ಎಲ್ಲ ಒಂದೇ ಅಲ್ವಾ?

ಅಲ್ಲ. ಸೂರ್ಯನನ್ನು ಸುತ್ತುವ ಕಲ್ಲು ಅಥವಾ ಲೋಹದ ಬಂಡೆ ಕ್ಷುದ್ರಗ್ರಹ. ಮಂಜು ಬೆರೆತಿದ್ದು, ಸೂರ್ಯನ ಹತ್ತಿರ ಬಂದಾಗ ಬಾಲ ಬಿಚ್ಚಿದರೆ ಅದು ಧೂಮಕೇತು. ಗಾಳಿಗೆ ನುಗ್ಗಿ ಉರಿಯುವಾಗ ಕಾಣುವ ಬೆಳಕಿನ ಗೆರೆ ಉಲ್ಕೆ. ಉರಿದು ಉಳಿದು ನೆಲಕ್ಕೆ ಬಿದ್ದ ತುಂಡು ಉಲ್ಕಾಶಿಲೆ.

ವಾರಕ್ಕೊಮ್ಮೆ ಪೇಪರಲ್ಲಿ "ಭೂಮಿಯ ಸಮೀಪಕ್ಕೆ ಅಪಾಯಕಾರಿ ಕ್ಷುದ್ರಗ್ರಹ" ಅಂತ ಬರುತ್ತಲ್ಲ, ಅದು ನಿಜಾನಾ?

ಸುದ್ದಿ ನಿಜ, ಶೀರ್ಷಿಕೆಯ ಧಾಟಿ ಸುಳ್ಳು. "ಅಪಾಯಕಾರಿ ಆಗಬಹುದಾದದ್ದು" ಎನ್ನುವುದು ಖಗೋಳಜ್ಞರ ವರ್ಗೀಕರಣದ ಪದ. ಅಂದಾಜು 140 ಮೀಟರಿಗಿಂತ ದೊಡ್ಡದಿದ್ದು, ಅದರ ಕಕ್ಷೆ ನಮ್ಮ ಕಕ್ಷೆಗೆ 75 ಲಕ್ಷ ಕಿಮೀಗಿಂತ ಹತ್ತಿರ ಬಂದರೆ ಆ ಪಟ್ಟಿಗೆ ಸೇರುತ್ತದೆ. ಚಂದ್ರ ಇರುವುದು 3.84 ಲಕ್ಷ ಕಿಮೀ ದೂರದಲ್ಲಿ. ಅಂದರೆ ಅದಕ್ಕಿಂತ ಹತ್ತೊಂಬತ್ತು ಪಟ್ಟು ಆಚೆ ಹೋಗುವ ಬಂಡೆಗೂ ಇದೇ ಹಣೆಪಟ್ಟಿ. ಹೀಗಾಗಿ ಇಂಥ ಸುದ್ದಿ ಓದುವಾಗ ಎರಡೇ ಅಂಕಿ ಹುಡುಕಿ: ಎಷ್ಟು ಮೀಟರ್, ಚಂದ್ರನ ದೂರಕ್ಕೆ ಹೋಲಿಸಿದರೆ ಎಷ್ಟು. ಎರಡೂ ಇಲ್ಲದೆ "ಬಸ್ಸಿನ ಗಾತ್ರದ್ದು" ಎಂದಷ್ಟೇ ಇದ್ದರೆ ಪುಟ ಮಗುಚಿ. ಬಸ್ಸಿನ ಗಾತ್ರದ ಕಲ್ಲು ಮೇಲೇ ಸಿಡಿದು ಹೋಗುತ್ತದೆ.

ಎಷ್ಟು ದೊಡ್ಡದು ಬಿದ್ದರೆ ಎಷ್ಟು ಅನಾಹುತ?

ಮೊದಲು ಒಂದು ಲೆಕ್ಕ ತಿಳಿದಿರಲಿ. ಅಡ್ಡಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟು, ಶಕ್ತಿಯೂ ಎಂಟು ಪಟ್ಟು. ಆದ್ದರಿಂದ 20 ಮೀಟರಿಗೂ 60 ಮೀಟರಿಗೂ ನಡುವೆ ಇರುವುದು ಮೂರು ಪಟ್ಟಿನ ವ್ಯತ್ಯಾಸವಲ್ಲ, ಇಪ್ಪತ್ತೇಳು ಪಟ್ಟಿನದು.

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದದ್ದು ಸುಮಾರು 20 ಮೀಟರಿನದು. ಸೆಕೆಂಡಿಗೆ 19 ಕಿಮೀ ವೇಗದಲ್ಲಿ ಬಂದು ನೆಲದಿಂದ ಸುಮಾರು 30 ಕಿಮೀ ಎತ್ತರದಲ್ಲೇ ಒಡೆಯಿತು. ಹಾಗಿದ್ದೂ ಸುಮಾರು 1,500 ಜನ ಗಾಯಗೊಂಡರು, 7,000ಕ್ಕೂ ಹೆಚ್ಚು ಕಟ್ಟಡಗಳಿಗೆ ಹಾನಿಯಾಯಿತು. ಇಂಥದ್ದು ಸರಾಸರಿ 50ರಿಂದ 100 ವರ್ಷಕ್ಕೊಮ್ಮೆ.

1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾದಲ್ಲಿ 50-60 ಮೀಟರಿನದು ಗಾಳಿಯಲ್ಲೇ ಸಿಡಿದು 2,150 ಚದರ ಕಿಮೀ ಕಾಡನ್ನು ಮಲಗಿಸಿತು. ಬೃಹನ್ಮುಂಬಯಿಯ ವಿಸ್ತೀರ್ಣ 603 ಚದರ ಕಿಮೀ. ಗೋವಾ ಇಡೀ ರಾಜ್ಯ 3,702. ಹೋಲಿಸಿಕೊಳ್ಳಿ. ಇದು ಸಾವಿರ ವರ್ಷದ ಆಸುಪಾಸಿಗೊಮ್ಮೆ ಆಗುವಂಥದ್ದು. 140 ಮೀಟರಿನದಾದರೆ ಸುಮಾರು 20,000 ವರ್ಷಕ್ಕೊಮ್ಮೆ, ಒಂದು ರಾಜ್ಯವನ್ನೇ ಹಾಳುಮಾಡಬಲ್ಲದು. 1 ಕಿಮೀಯದು ಇಡೀ ಜಗತ್ತಿನ ಬೆಳೆಗೆ ಏಟು ಹಾಕುತ್ತದೆ, ಲಕ್ಷಾಂತರ ವರ್ಷಕ್ಕೊಮ್ಮೆ. 6.6 ಕೋಟಿ ವರ್ಷದ ಹಿಂದೆ ಮೆಕ್ಸಿಕೋದ ಚಿಕ್ಸುಲೂಬಿನಲ್ಲಿ ಬಿದ್ದು ಡೈನೊಸಾರ್‌ಗಳ ಕತೆ ಮುಗಿಸಿದ್ದು ಸುಮಾರು 10 ಕಿಮೀಯದು.

## ನಮ್ಮ ಸೀಮೆಯ ಪ್ರಶ್ನೆಗಳು

ಲೋಣಾರ್ ಸರೋವರ ನಿಜವಾಗಿ ಉಲ್ಕೆ ಬಿದ್ದು ಆದದ್ದೋ, ಜ್ವಾಲಾಮುಖಿಯೋ?

ಬಿದ್ದು ಆದದ್ದೇ. ಬುಲ್ಢಾಣಾ ಜಿಲ್ಲೆಯ ಈ ಕುಳಿಯ ಅಡ್ಡಳತೆ ಸುಮಾರು 1.8 ಕಿಮೀ. ಸುತ್ತಲಿನ ದಖ್ಖನ್ ಬಸಾಲ್ಟ್ ಜ್ವಾಲಾಮುಖಿಯಿಂದ ಬಂದ ಕಲ್ಲು; ಅದಕ್ಕೇ ಹಳೆಯ ಕಾಲದಲ್ಲಿ ಕುಳಿಯೂ ಹಾಗೇ ಆದದ್ದು ಎಂದುಕೊಂಡಿದ್ದರು. ಆದರೆ ಕುಳಿಯ ತಳದಿಂದ ಕೊರೆದು ತೆಗೆದ ಮಾದರಿಗಳಲ್ಲಿ ಮ್ಯಾಸ್ಕೆಲಿನೈಟ್ ಸಿಕ್ಕಿತು. ಖನಿಜ ಕರಗದೆ, ಬರೀ ಆಘಾತದ ಒತ್ತಡಕ್ಕೆ ಗಾಜಿನಂತಾದ ವಸ್ತು ಅದು. ಜ್ವಾಲಾಮುಖಿಗೆ ಅಷ್ಟು ಒತ್ತಡ ಹುಟ್ಟಿಸಲು ಬರುವುದಿಲ್ಲ.

ವಯಸ್ಸಿನ ಬಗ್ಗೆ ಮಾತ್ರ ಜಗಳ ಇದೆ. ಒಂದು ವಿಧಾನ ಸುಮಾರು 52,000 ವರ್ಷ ಎಂದರೆ, ಕಲ್ಲಿನೊಳಗಿನ ಆರ್ಗಾನ್ ಅನಿಲ ಅಳೆಯುವ ವಿಧಾನ ಸುಮಾರು 5.7 ಲಕ್ಷ ವರ್ಷ ಎನ್ನುತ್ತದೆ. 2020ರ ಜೂನ್‌ನಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತಲ್ಲ, ಅದಕ್ಕೂ ಆಕಾಶಕ್ಕೂ ಸಂಬಂಧವಿಲ್ಲ. ಉಪ್ಪುನೀರಿನ ಸೂಕ್ಷ್ಮಜೀವಿಗಳ ಕೆಲಸ.

ಮುಂಬಯಿ ಸಮುದ್ರದ ಅಡಿಯಲ್ಲಿ ಇನ್ನೂ ದೊಡ್ಡ ಕುಳಿ ಉಂಟಂತಲ್ಲ ಮಾರಾಯ್ರೆ?

"ಶಿವ ಕುಳಿ" ಎಂಬ ವಾದ. ಪ್ರಾಚೀನ ಜೀವಿವಿಜ್ಞಾನಿ ಶಂಕರ್ ಚಟರ್ಜಿ ಮುಂದಿಟ್ಟದ್ದು: ಬಾಂಬೆ ಹೈ ತೈಲ ಪ್ರದೇಶದ ಕೆಳಗೆ ನೂರಾರು ಕಿಮೀ ಅಗಲದ ಕುಳಿ ಇದೆ ಎಂದು. ಹೆಚ್ಚಿನ ಭೂವಿಜ್ಞಾನಿಗಳು ಒಪ್ಪಿಲ್ಲ. ಭಾರತದಲ್ಲಿ ಖಚಿತವಾದವು ಮೂರು: ಲೋಣಾರ್, ಮಧ್ಯಪ್ರದೇಶದ ಢಾಲಾ, ರಾಜಸ್ಥಾನದ ರಾಮ್‌ಗಢ.

ಅರಬ್ಬಿ ಸಮುದ್ರಕ್ಕೆ ಬಿದ್ದರೆ ಸುನಾಮಿ ಬಂದು ಮುಂಬಯಿ, ಮಡಗಾಂವ್ ಮುಳುಗಲಿಕ್ಕಿಲ್ವಾ?

ಗಾಳಿಯಲ್ಲೇ ಸಿಡಿಯುವ 50-60 ಮೀಟರಿನ ಬಂಡೆಯಿಂದ ದೊಡ್ಡ ಸುನಾಮಿ ಬರುವುದಿಲ್ಲ. ಗಾಳಿಯ ಹೊಡೆತ ನೀರಿಗೆ ದಾಟುವುದು ತೀರ ಕಡಿಮೆ. ನೀರಿಗೇ ಬಿದ್ದರೂ ಏಳುವ ಅಲೆಗಳ ಅಗಲ ಗಿಡ್ಡ, ಕೆರೆಗೆ ಕಲ್ಲೆಸೆದ ಹಾಗೆ ಹರಡುತ್ತ ಬೇಗ ಸೊರಗುತ್ತವೆ. ಭೂಕಂಪದ ಸುನಾಮಿ ಬೇರೆ ಜಾತಿ: ನೂರಾರು ಕಿಮೀ ಉದ್ದದ ಸಮುದ್ರತಳವೇ ಎದ್ದು ಇಡೀ ನೀರಿನ ಕಂಬವನ್ನು ಎತ್ತುತ್ತದೆ. ಬಂಡೆ ನೂರಾರು ಮೀಟರಿನದಾಗಿ, ದಡದ ಹತ್ತಿರವೇ ಬಿದ್ದರೆ ಮಾತ್ರ ಚಿಂತೆ.

ಗೋವಾದಲ್ಲಿ ಕಪ್ಪು ಭಾರದ ಕಲ್ಲು ಸಿಕ್ಕಿದೆ, ಮ್ಯಾಗ್ನೆಟ್ ಹಿಡಿಯುತ್ತೆ. ಉಲ್ಕಾಶಿಲೆ ತಾನೆ?

ಬಹುತೇಕ ಕಬ್ಬಿಣದ ಅದಿರು. ಗೋವಾದಲ್ಲಿ ಗಣಿಯಿಂದ ಬಂದರಿನವರೆಗೆ ಲಾರಿಯಿಂದ ಉದುರಿದ ಅದಿರೇ ಬೇಕಾದಷ್ಟು. ಪುಣೆ ಕಡೆಯಾದರೆ ಫೌಂಡ್ರಿಯ ಕಿಟ್ಟ. ಮನೆಯಲ್ಲೇ ನೋಡಬಹುದು: ಹೊಳಪಿಲ್ಲದ ಟೈಲ್ಸಿನ ಹಿಂಬದಿಗೆ ಕಲ್ಲನ್ನು ಒತ್ತಿ ಗೀರಿ. ಕೆಂಪು ಗೆರೆ ಬಿದ್ದರೆ ಹೆಮಟೈಟ್, ಕಪ್ಪು ಬಿದ್ದರೆ ಮ್ಯಾಗ್ನೆಟೈಟ್. ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆ ಬಿಡುವುದಿಲ್ಲ. ಒಳಗೆ ಗುಳ್ಳೆಗಳ ತೂತು ಇದ್ದರೆ ಕಿಟ್ಟ ಅಥವಾ ಬಸಾಲ್ಟ್. ನಿಜವಾದದ್ದರ ಮೇಲೆ ಮೊಟ್ಟೆಯ ಚಿಪ್ಪಿನಷ್ಟು ತೆಳುವಾದ ಕರಿ ಸಿಪ್ಪೆ ಇರುತ್ತದೆ, ಒಡೆದ ಕಡೆ ಒಳಗಿನ ಬಣ್ಣ ಬೇರೆ.

ಈ ಪರೀಕ್ಷೆಗಳನ್ನೂ ದಾಟಿತೆಂದರೆ ತೊಳೆಯಬೇಡಿ, ಮ್ಯಾಗ್ನೆಟ್ ಮತ್ತೆ ತಾಗಿಸಬೇಡಿ. ಕಲ್ಲಿನೊಳಗಿನ ಹಳೆಯ ಕಾಂತೀಯ ದಾಖಲೆ ಅಳಿಸಿಹೋಗುತ್ತದೆ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಸಿಕ್ಕ ಜಾಗದ ಫೋಟೊ ತೆಗೆದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತಿಳಿಸಿ. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳ ಅಧಿಕೃತ ಪಾಲಕರು ಅವರೇ.

## ಅಪಾಯದ ಅಂಕಿ ಓದುವುದು

2032ರಲ್ಲಿ ಮುಂಬಯಿ ಮೇಲೆ ಬೀಳ್ತದೆ ಅಂತ ವಾಟ್ಸಾಪಲ್ಲಿ ಬಂದಿತ್ತು. ಅದು ಏನಾಯ್ತು?

ಈ ಒಂದು ಫಾರ್ವರ್ಡಿನಲ್ಲಿ ಸತ್ಯದ ಎಳೆ ಇತ್ತು. 2024 ವೈಆರ್4 ಎಂಬ ಕ್ಷುದ್ರಗ್ರಹವನ್ನು ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕ 2024ರ ಡಿಸೆಂಬರ್ 27ರಂದು ಕಂಡಿತು. ನಮ್ಮನ್ನು ದಾಟಿ ಆಗಲೇ ಎರಡು ದಿನವಾಗಿತ್ತು. 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿ 18ರಂದು ಶೇ 3.1ಕ್ಕೆ ಏರಿತು, ಅಂದರೆ 32ರಲ್ಲಿ ಒಂದು. ಇಷ್ಟು ಗಾತ್ರದ ಯಾವ ಬಂಡೆಗೂ ಅಷ್ಟು ಹೆಚ್ಚಿನ ಅಂಕಿ ಅದುವರೆಗೆ ಬಂದಿರಲಿಲ್ಲ. ಬೀಳಬಹುದಾದ ಪಟ್ಟಿ ಪೂರ್ವ ಪೆಸಿಫಿಕ್‌ನಿಂದ ದಕ್ಷಿಣ ಅಮೆರಿಕದ ಉತ್ತರ ಭಾಗ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬಿ ಸಮುದ್ರ ದಾಟಿ ದಕ್ಷಿಣ ಏಷ್ಯಾದವರೆಗೆ ಚಾಚಿತ್ತು. ಮುಂಬಯಿ ಆ ದಾರಿಯಲ್ಲೇ ಇತ್ತು. ಒಂದು ವಾರದೊಳಗೆ ಹೊಸ ಅಳತೆಗಳು ಬಂದು ಸಾಧ್ಯತೆ ಶೇ 0.004ರ ಮಟ್ಟಕ್ಕೆ ಕುಸಿಯಿತು. ಜೇಮ್ಸ್ ವೆಬ್ ದೂರದರ್ಶಕದ ಪ್ರಕಾರ ಅದರ ಗಾತ್ರ ಸುಮಾರು 60 ಮೀಟರ್. 2032ರಲ್ಲಿ ಅದು ಭೂಮಿಗೆ ಬಡಿಯುವುದಿಲ್ಲ.

ಮೊದಲು ಏರಿ ಆಮೇಲೆ ಸೊನ್ನೆ ಆಗೋದಾದ್ರೆ ವಿಜ್ಞಾನಿಗಳ ಲೆಕ್ಕಾನೇ ತಪ್ಪಲ್ಲವೇ?

ತಪ್ಪಲ್ಲ, ಲೆಕ್ಕ ನಡೆಯುವುದೇ ಹಾಗೆ. 2020ರ ಜೂನ್‌ನ ನಿಸರ್ಗ ಚಂಡಮಾರುತ ನೆನಪಿಸಿಕೊಳ್ಳಿ. ಮೊದಲ ದಿನ ಹವಾಮಾನ ಇಲಾಖೆಯ ನಕ್ಷೆಯಲ್ಲಿ ಅದರ ದಾರಿಯ ಕೊಳವೆ ಅಗಲವಾಗಿರುತ್ತದೆ. ಮುಂಬಯಿ ಅದರೊಳಗಿನ ಒಂದು ಚುಕ್ಕೆ. ಅಳತೆ ಹೆಚ್ಚಿದಂತೆ ಕೊಳವೆ ಸಪೂರವಾಗುತ್ತದೆ, ಚುಕ್ಕೆ ಇನ್ನೂ ಒಳಗೇ ಇದ್ದರೆ ಅದರ ಪಾಲು ಹೆಚ್ಚುತ್ತದೆ. ಕೊನೆಗೆ ಕೊಳವೆ ಅಲಿಬಾಗ್ ಕಡೆ ಸರಿಯುತ್ತದೆ, ಚುಕ್ಕೆ ಹೊರಗೆ ಬೀಳುತ್ತದೆ. ಕ್ಷುದ್ರಗ್ರಹದಲ್ಲಿ ಚುಕ್ಕೆಯ ಜಾಗದಲ್ಲಿ ಇಡೀ ಭೂಮಿ, ಕೊಳವೆಯ ಅಗಲ ಲಕ್ಷಾಂತರ ಕಿಮೀ. ಆದ್ದರಿಂದ ಶೇಕಡಾವಾರು ಏರಿದಾಗ ಅದು ಅಪಾಯ ಹತ್ತಿರ ಬಂದ ಗುರುತಲ್ಲ, ನಮ್ಮ ಅಜ್ಞಾನ ಕಡಿಮೆಯಾದ ಗುರುತು.

ಟೊರಿನೊ ಅಳತೆ ಅಂದ್ರೆ ಏನು?

0ಯಿಂದ 10ರವರೆಗಿನ ಅಪಾಯಸೂಚಿ. ಬಡಿಯುವ ಸಾಧ್ಯತೆ ಮತ್ತು ಶಕ್ತಿ ಎರಡನ್ನೂ ಸೇರಿಸಿ ಕೊಡುತ್ತಾರೆ. ವೈಆರ್4 ಮುಟ್ಟಿದ್ದು 3, ಅಪೊಫಿಸ್ ಎಂಬ ಇನ್ನೊಂದು ಬಂಡೆ 2004ರಲ್ಲಿ 4. ಇದುವರೆಗೆ ಅದಕ್ಕಿಂತ ಮೇಲೆ ಯಾವುದೂ ಹೋಗಿಲ್ಲ. ಪರಿಣತರು ಬಳಸುವುದು ಪಲೆರ್ಮೊ ಅಳತೆ: ಅದರಲ್ಲಿ −2 ಎಂದರೆ, ಸಾಮಾನ್ಯವಾಗಿ ಅಷ್ಟೇ ಗಾತ್ರದ ಅಪರಿಚಿತ ಬಂಡೆ ಬೀಳುವ ಸಂಭವದ ನೂರರಲ್ಲಿ ಒಂದು ಪಾಲು.

ಎಲ್ಲಾನೂ ಕಂಡುಹಿಡಿದು ಮುಗೀತಾ, ಇನ್ನೂ ಉಳಿದಾವೇನ್ರೀ?

ದೊಡ್ಡವು ಬಹುತೇಕ ಮುಗಿದಿವೆ: 1 ಕಿಮೀ ಮೀರಿದವುಗಳಲ್ಲಿ ಶೇ 95ರಷ್ಟು ಗೊತ್ತು. ಭೂಮಿಯ ಸಮೀಪದ ಕ್ಷುದ್ರಗ್ರಹಗಳ ಪಟ್ಟಿ 2025ರ ಕೊನೆಗೆ 40,000 ಮುಟ್ಟಿತು. ಆದರೆ 140 ಮೀಟರ್ ಮೀರಿದವು ಅಂದಾಜು 25,000 ಇರಬೇಕು. ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಊರು ನುಂಗುವ 50 ಮೀಟರಿನವುಗಳಲ್ಲಿ ಸಿಕ್ಕಿದ್ದು ಇನ್ನೂ ಕಡಿಮೆ. ನಮ್ಮ ನಿದ್ದೆ ಕೆಡಿಸಬೇಕಾದದ್ದು ಡೈನೊಸಾರ್ ಕೊಂದಂಥ ಬಂಡೆಯಲ್ಲ, ಇವು.

ತೊಡಕು ಎರಡು. ಹಲವು ಬಂಡೆಗಳು ಇದ್ದಲಿನಷ್ಟು ಕಪ್ಪು, ಬೆಳಕಿನಲ್ಲಿ ಕಾಣುವುದಿಲ್ಲ. ಎರಡನೆಯದು, ಸೂರ್ಯನ ಕಡೆಯಿಂದ ಬರುವುದನ್ನು ನೆಲದ ದೂರದರ್ಶಕ ನೋಡಲಾರದು; ಚೆಲ್ಯಾಬಿನ್ಸ್ಕ್ ಬಂಡೆ ಬಂದದ್ದು ಹಾಗೆಯೇ. ಈ ಎರಡಕ್ಕೂ ಮದ್ದೆಂದು ನಾಸಾದ ನಿಯೊ ಸರ್ವೇಯರ್ ಸಿದ್ಧವಾಗುತ್ತಿದೆ. ಭೂಮಿಯಿಂದ 15 ಲಕ್ಷ ಕಿಮೀ ಸೂರ್ಯನ ಕಡೆಗೆ ನಿಂತು ಬಂಡೆಗಳ ಶಾಖವನ್ನು ನೋಡುವ ಉಪಗ್ರಹ ಅದು. ಚಿಲಿಯ 8.4 ಮೀಟರ್ ಕನ್ನಡಿಯ ರೂಬಿನ್ ದೂರದರ್ಶಕ 2025ರಲ್ಲಿ ತೋರಿಸಿದ ಮೊದಲ ಚಿತ್ರಗಳಲ್ಲೇ ಎರಡು ಸಾವಿರಕ್ಕೂ ಹೆಚ್ಚು ಹೊಸ ಕ್ಷುದ್ರಗ್ರಹಗಳಿದ್ದವು.

## ಬಿದ್ದೇ ಬಿಟ್ಟರೆ, ಬೀಳದಂತೆ ಮಾಡಿದರೆ

ಬಾಂದ್ರಾದಲ್ಲಿ ಆಫೀಸಲ್ಲಿ ಕೂತಿದ್ದೇನೆ, ಹೊರಗೆ ಸೂರ್ಯನಿಗಿಂತ ಪ್ರಖರವಾದ ಬೆಳಕು ಕಂಡಿತು. ಏನು ಮಾಡಲಿ?

ಕಿಟಕಿಗೆ ಹೋಗಬೇಡಿ. ಇದೊಂದೇ ಮಾತು ನೆನಪಿದ್ದರೂ ಸಾಕು. ಚೆಲ್ಯಾಬಿನ್ಸ್ಕ್‌ನಲ್ಲಿ ಗಾಯಗೊಂಡವರಲ್ಲಿ ಬಹಳ ಮಂದಿ ಬೆಳಕು ಕಂಡು ಕಿಟಕಿಗೆ ಓಡಿದವರು. ಎರಡು ನಿಮಿಷ ಕಳೆದು ಗಾಳಿಯ ಹೊಡೆತ ಬಂದಾಗ ಗಾಜು ಮುಖಕ್ಕೇ ಬಡಿಯಿತು. ಮಿಂಚು ಗುಡುಗಿನ ಲೆಕ್ಕವೇ ಇದು: ಕಿಮೀಗೆ ಮೂರು ಸೆಕೆಂಡ್. 30 ಕಿಮೀ ಎತ್ತರದಲ್ಲಿ ನೆತ್ತಿಯ ಮೇಲೇ ಸಿಡಿದರೆ ಒಂದೂವರೆ ನಿಮಿಷ, ಓರೆಯಾಗಿ 60 ಕಿಮೀ ಆಚೆಯಾದರೆ ಮೂರು ನಿಮಿಷ.

ಆ ಸಮಯದಲ್ಲಿ ಗಾಜಿನಿಂದ ದೂರ ಸರಿದು, ಗಟ್ಟಿ ಗೋಡೆಯ ಮರೆಯಲ್ಲಿ ಅಥವಾ ಮೇಜಿನ ಕೆಳಗೆ ನೆಲಕ್ಕೆ ಕುಳಿತು, ತಲೆ ಕುತ್ತಿಗೆ ಕೈಯಲ್ಲಿ ಮುಚ್ಚಿಕೊಳ್ಳಿ. ಐದು ನಿಮಿಷ ಏಳಬೇಡಿ. ಹೊಡೆತ ಒಂದಕ್ಕಿಂತ ಹೆಚ್ಚು ಬರಬಹುದು. ಲಿಫ್ಟ್ ಹತ್ತಬೇಡಿ. ರಸ್ತೆಯಲ್ಲಿದ್ದರೆ ಗಾಜಿನ ಗೋಪುರಗಳ ಬುಡದಿಂದ ಸರಿಯಿರಿ. ಮನೆಯಲ್ಲಿದ್ದರೆ ಆಮೇಲೆ ಮೊದಲು ನೋಡಬೇಕಾದದ್ದು ಗ್ಯಾಸಿನ ವಾಲ್ವ್.

ಬಾಂಬ್ ಹಾಕಿ ಪುಡಿ ಮಾಡಬಾರದೇಕೆ?

ಒಂದು ಗುಂಡು ಬರುತ್ತಿದ್ದದ್ದು ಚರೆಗಳ ಗುಂಪಾಗಿ ಬರುತ್ತದೆ, ಅದೇ ದಾರಿಯಲ್ಲಿ. ಒಡೆಯುವುದಕ್ಕಿಂತ ತಳ್ಳುವುದು ಮೇಲು. ಅಣುಬಾಂಬನ್ನು ಯೋಚಿಸುವವರೂ ಅದನ್ನು ಬಂಡೆಯ ಒಳಗಲ್ಲ, ಸ್ವಲ್ಪ ದೂರದಲ್ಲಿ ಸಿಡಿಸಬೇಕೆನ್ನುತ್ತಾರೆ. ವಿಕಿರಣದ ಬಿಸಿಗೆ ಒಂದು ಬದಿಯ ಮೇಲ್ಮೈ ಆವಿಯಾಗಿ ಚಿಮ್ಮುತ್ತದೆ, ಬಂಡೆ ಇನ್ನೊಂದು ಕಡೆ ಸರಿಯುತ್ತದೆ. ಬಂಡೆ ತುಂಬ ದೊಡ್ಡದಾಗಿ ಸಮಯ ತೀರ ಕಡಿಮೆ ಇದ್ದಾಗ ಉಳಿಯುವ ದಾರಿ ಇದೊಂದೇ. 1967ರ ಬಾಹ್ಯಾಕಾಶ ಒಪ್ಪಂದ ಕಕ್ಷೆಯಲ್ಲಿ ಅಣ್ವಸ್ತ್ರ ಇಡುವುದನ್ನು ನಿಷೇಧಿಸಿರುವುದರಿಂದ ಕಾನೂನಿನ ತಕರಾರೂ ಇದೆ.

ಡಾರ್ಟ್ ನೌಕೆ ಹೋಗಿ ಗುದ್ದಿತಲ್ಲ. 580 ಕೆಜಿಯದು ಗುಡ್ಡಕ್ಕೆ ಗುದ್ದಿದರೆ ಗುಡ್ಡ ಅಲುಗುತ್ತದೆಯೆ?

ಅಲುಗಿತು. 2022ರ ಸೆಪ್ಟೆಂಬರ್ 27ರ ಬೆಳಗಿನ ಜಾವ, ನಮ್ಮ ಗಡಿಯಾರದಲ್ಲಿ 4:44ಕ್ಕೆ, ನಾಸಾದ ಡಾರ್ಟ್ ಸುಮಾರು 160 ಮೀಟರಿನ ಕ್ಷುದ್ರಗ್ರಹ ಡೈಮಾರ್ಫಸ್‌ಗೆ ಸೆಕೆಂಡಿಗೆ 6.1 ಕಿಮೀ ವೇಗದಲ್ಲಿ ಬಡಿಯಿತು. ಡೈಮಾರ್ಫಸ್ ತನಗಿಂತ ದೊಡ್ಡದಾದ ಡಿಡಿಮಸ್‌ನ ಸುತ್ತ 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿತ್ತು. ಬಡಿದ ಮೇಲೆ 32 ನಿಮಿಷ ಕಡಿಮೆಯಾಯಿತು. 73 ಸೆಕೆಂಡ್ ಕಡಿಮೆಯಾದರೂ ಗೆದ್ದಂತೆ ಎಂದು ಮೊದಲೇ ಗೊತ್ತುಮಾಡಿದ್ದರು.

ಗುಟ್ಟು ನೌಕೆಯ ತೂಕದಲ್ಲಿ ಇಲ್ಲ, ಚಿಮ್ಮಿದ ಮಣ್ಣುಕಲ್ಲಿನಲ್ಲಿದೆ. ಡೈಮಾರ್ಫಸ್ 43 ಲಕ್ಷ ಟನ್ ತೂಗುತ್ತದೆ. ಬರೀ ಗುದ್ದಿನಿಂದ ಅದರ ವೇಗ ಸೆಕೆಂಡಿಗೆ 0.8 ಮಿಲಿಮೀಟರ್‌ನಷ್ಟು ಬದಲಾಗಬೇಕಿತ್ತು. ಆದದ್ದು 2.7 ಮಿಲಿಮೀಟರ್. ಹಿಂದಕ್ಕೆ ಚಿಮ್ಮಿದ ಚೂರುಗಳು ಬಂಡೆಯನ್ನು ಮುಂದಕ್ಕೆ ಒದ್ದವು, ಬಂದೂಕು ಹೆಗಲಿಗೆ ಒದೆಯುವ ಹಾಗೆ. ಆದರೆ ಎಲ್ಲ ಬಂಡೆಗಳೂ ಹೀಗೇ ಚಿಮ್ಮುವುದಿಲ್ಲ. ಅದಕ್ಕೇ ಯುರೋಪಿನ ಹೇರಾ ನೌಕೆ 2024ರ ಅಕ್ಟೋಬರ್ 7ರಂದು ಹೊರಟದ್ದು, ಏಟು ಬಿದ್ದ ಜಾಗವನ್ನು ಹತ್ತಿರದಿಂದ ಅಳೆಯಲು.

ಎಷ್ಟು ವರ್ಷ ಮೊದಲು ಗೊತ್ತಾದರೆ ತಪ್ಪಿಸಬಹುದು?

ಈ ಪುಟದ ತಿರುಳೇ ಇದು. ಭೂಮಿ ಸೆಕೆಂಡಿಗೆ 30 ಕಿಮೀ ಓಡುತ್ತಿದೆ. ತನ್ನ 12,742 ಕಿಮೀ ಅಡ್ಡಳತೆಯಷ್ಟು ಸರಿಯಲು ಏಳು ನಿಮಿಷ ಸಾಕು. ಬಂಡೆ ಏಳು ನಿಮಿಷ ತಡವಾಗಿ ಬಂದರೆ ನಾವು ಅಲ್ಲಿರುವುದಿಲ್ಲ. ದಾದರಿನಲ್ಲಿ ಲೋಕಲ್ ತಪ್ಪಿದಂತೆ, ಇಲ್ಲಿ ಮಾತ್ರ ತಪ್ಪುವುದೇ ಲಾಭ.

ಬಂಡೆಯ ವೇಗವನ್ನು ಅದರ ದಾರಿಯ ನೇರಕ್ಕೆ ಸೆಕೆಂಡಿಗೆ 1 ಸೆಂಟಿಮೀಟರ್ ಬದಲಿಸಿದಿರಿ ಎನ್ನಿ. ಹತ್ತು ವರ್ಷದಲ್ಲಿ ಅದು ಬರೀ ಗುಣಾಕಾರದಿಂದ 3,150 ಕಿಮೀ. ಕಕ್ಷೆಯ ಅವಧಿಯೂ ಬದಲಾಗುವುದರಿಂದ ಪರಿಣಾಮ ಸುಮಾರು ಮೂರು ಪಟ್ಟು, 9,500 ಕಿಮೀ. ಭೂಮಿಯ ತ್ರಿಜ್ಯಕ್ಕಿಂತ ಹೆಚ್ಚು. ಒಂದೇ ವರ್ಷ ಇದ್ದರೆ ಹತ್ತು ಪಟ್ಟು ಜೋರಾಗಿ ಗುದ್ದಬೇಕು. ಡಾರ್ಟ್‌ನಂಥ ಒಂದು ನೌಕೆ 60 ಮೀಟರಿನ, ಸುಮಾರು 3 ಲಕ್ಷ ಟನ್ನಿನ ಬಂಡೆಗೆ ಈ 1 ಸೆಂಟಿಮೀಟರ್ ಕೊಡಬಲ್ಲದು. 300 ಮೀಟರಿನದಕ್ಕೆ ಅದರ ನೂರನೆಯ ಒಂದು ಪಾಲು ಮಾತ್ರ; ನೂರರ ಆಸುಪಾಸು ನೌಕೆ ಬೇಕು.

ಕೆಡುವುದು ಎಲ್ಲಿ? ಬಂಡೆ ಜಲ್ಲಿರಾಶಿಯಂತೆ ಸಡಿಲವಿದ್ದರೆ ಜೋರು ಗುದ್ದಿಗೆ ಒಡೆಯುತ್ತದೆ. ಏಟು ನಡುಮಧ್ಯ ಬೀಳದಿದ್ದರೆ ಚೂರುಗಳು ಓರೆಯಾಗಿ ಚಿಮ್ಮಿ, ಬೇಕಾದ ದಿಕ್ಕಿಗೆ ಪೂರ್ತಿ ಒದೆ ಸಿಗುವುದಿಲ್ಲ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಈ ಸಲ ತಪ್ಪಿಸಿದ ಬಂಡೆಯನ್ನು ಭೂಮಿಯ ಸೆಳೆತ ಮತ್ತೆ ನಮ್ಮೆಡೆಗೇ ತಿರುಗಿಸಬಲ್ಲ ಕಿರಿದಾದ "ಕೀಲಿಕಿಂಡಿ"ಗೆ ತಳ್ಳಿಬಿಡುವುದು. ಹಾಗಾಗಿ ಗುದ್ದಿದ ಮೇಲೆ ಅಳೆಯಲು ಎರಡನೆಯ ನೌಕೆ ಇರಲೇಬೇಕು.

ಇದನ್ನೆಲ್ಲ ತೀರ್ಮಾನಿಸುವವರು ಯಾರು? ಇಸ್ರೊ ಏನಾದರೂ ಮಾಡುತ್ತಿದೆಯಾ?

ವಿಶ್ವಸಂಸ್ಥೆಯ ಶಿಫಾರಸಿನ ಮೇಲೆ ಎರಡು ಕೂಟಗಳಾಗಿವೆ. ಒಂದು ಎಚ್ಚರಿಕೆ ಕೊಡುವ ವೀಕ್ಷಣಾಲಯಗಳ ಜಾಲ, ಇನ್ನೊಂದು ಯಾತ್ರೆ ಯೋಜಿಸುವ ಬಾಹ್ಯಾಕಾಶ ಸಂಸ್ಥೆಗಳ ಗುಂಪು. ಆದರೆ "ತಳ್ಳಿ" ಎಂದು ಅಪ್ಪಣೆ ಕೊಡುವ ಅಧಿಕಾರ ಯಾರಿಗೂ ಇಲ್ಲ. ಅರ್ಧ ತಳ್ಳಿ ಕೈಕೊಟ್ಟರೆ ಬೀಳುವ ಜಾಗ ಒಂದು ದೇಶದಿಂದ ಇನ್ನೊಂದಕ್ಕೆ ಸರಿಯುತ್ತದೆ; ತಂತ್ರಜ್ಞಾನಕ್ಕಿಂತ ಕಗ್ಗಂಟು ಇದೇ. ಇಸ್ರೊ 2024ರ ಜುಲೈನಲ್ಲಿ ಬೆಂಗಳೂರಿನಲ್ಲಿ ಈ ವಿಷಯದ ಕಾರ್ಯಾಗಾರ ನಡೆಸಿತು. ಪವಾಯಿಯ ಐಐಟಿ ಬಾಂಬೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಲಡಾಖಿನ ಹಾನ್ಲೆಯಲ್ಲಿ ನಡೆಸುವ 70 ಸೆಂಟಿಮೀಟರ್ ದೂರದರ್ಶಕ ಸಮೀಪದ ಕ್ಷುದ್ರಗ್ರಹಗಳನ್ನೂ ಹಿಂಬಾಲಿಸುತ್ತದೆ.

ನಾರಾಯಣಗಾಂವ್ ಹತ್ರ ಅಷ್ಟು ದೊಡ್ಡ ಡಿಶ್ ಅದಾವಲ್ರೀ, ಅವು ರೇಡಾರ್ ಬಿಡೂದಿಲ್ಲೇನು?

ಬಿಡುವುದಿಲ್ಲ. ಖೋಡದ್‌ನ ಜಿಎಂಆರ್‌ಟಿಯ 30 ಡಿಶ್‌ಗಳು, ಒಂದೊಂದೂ 45 ಮೀಟರಿನವು, ಬರುವ ರೇಡಿಯೊ ಅಲೆಗಳನ್ನು ಕೇಳುವುದಕ್ಕಷ್ಟೇ. ಕ್ಷುದ್ರಗ್ರಹಕ್ಕೆ ರೇಡಾರ್ ಕಳಿಸಲು ನೂರಾರು ಕಿಲೋವ್ಯಾಟ್ ಪ್ರಸಾರಕ ಬೇಕು. ಆ ಕೆಲಸಕ್ಕೆ 2025ರವರೆಗೆ ಮುಖ್ಯ ಆಸರೆಯಾಗಿದ್ದದ್ದು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನ 70 ಮೀಟರ್ ಡಿಶ್. ಮೊದಲು ಇದೇ ಕೆಲಸ ಮಾಡುತ್ತಿದ್ದ ಪೋರ್ಟೊ ರಿಕೊದ ಅರೆಸಿಬೊ ಡಿಶ್ 2020ರ ಡಿಸೆಂಬರ್‌ನಲ್ಲಿ ಕುಸಿದುಬಿತ್ತು.

ಅಪೊಫಿಸ್ 2029ರಲ್ಲಿ ಬರುತ್ತಲ್ಲ?

ಬರುತ್ತದೆ, ಬಡಿಯುವುದಿಲ್ಲ. ಸುಮಾರು 350 ಮೀಟರಿನ ಬಂಡೆ ನೆಲದಿಂದ ಸುಮಾರು 32,000 ಕಿಮೀ ಎತ್ತರದಲ್ಲಿ, ನಮ್ಮ ಟಿವಿ ಉಪಗ್ರಹಗಳಿಗಿಂತ ಕೆಳಗೆ, ಹಾದುಹೋಗುತ್ತದೆ. ಜಗತ್ತಿಗೆ ಅದು ಏಪ್ರಿಲ್ 13. ನಮ್ಮ ಗಡಿಯಾರದಲ್ಲಿ ಅಂಬೇಡ್ಕರ್ ಜಯಂತಿಯ ಬೆಳಗಿನ ಜಾವ 3:16ರ ಸುಮಾರಿಗೆ ಅತಿ ಸಮೀಪ. 2021ರ ರೇಡಾರ್ ಅಳತೆಯ ಮೇಲೆ ಕನಿಷ್ಠ ನೂರು ವರ್ಷ ಭಯವಿಲ್ಲ ಎಂದು ಗೊತ್ತಾಗಿದೆ.

## ಕೈಹಾಕುವವರಿಗೆ

ನನ್ನ ಮಗಳು ಒಂಬತ್ತನೇ ಕ್ಲಾಸು. ದೂರದರ್ಶಕ ಇಲ್ಲದೆ ಕ್ಷುದ್ರಗ್ರಹ ಹುಡುಕಬಹುದಾ?

ಹುಡುಕಬಹುದು. ಅಂತರರಾಷ್ಟ್ರೀಯ ಶೋಧ ಅಭಿಯಾನಗಳಲ್ಲಿ ಶಾಲಾ ತಂಡಗಳಿಗೆ ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ಕಳಿಸುತ್ತಾರೆ. ಒಂದೇ ಜಾಗದ ನಾಲ್ಕು ಚಿತ್ರ. ಆಸ್ಟ್ರೊಮೆಟ್ರಿಕಾ ತಂತ್ರಾಂಶದಲ್ಲಿ ಅವನ್ನು ಒಂದರ ಮೇಲೊಂದು ಮಿನುಗಿಸಿದರೆ ನಕ್ಷತ್ರ ನಿಂತಿರುತ್ತದೆ, ಕ್ಷುದ್ರಗ್ರಹ ಸರಿಯುತ್ತದೆ. ಮೋಸ ಮಾಡುವುದು ಕ್ಯಾಮೆರಾದ ಕೆಟ್ಟ ಪಿಕ್ಸೆಲ್‌ಗಳು. ನಾಲ್ಕು ಚಿತ್ರಗಳಲ್ಲೂ ನೇರ ಗೆರೆಯಲ್ಲಿ, ಸಮ ಅಂತರದಲ್ಲಿ, ಹೆಚ್ಚುಕಡಿಮೆ ಒಂದೇ ಹೊಳಪಿನಲ್ಲಿ ಇದ್ದರೆ ಮಾತ್ರ ವರದಿ ಮಾಡಬೇಕು. ಒಂದರಲ್ಲಿ ಚೂಪು ಚುಕ್ಕೆ, ಉಳಿದವುಗಳಲ್ಲಿ ಮಸುಕು ಎಂದಾದರೆ ಬಿಟ್ಟುಬಿಡಿ.

ನನ್ನ ಹತ್ತಿರ 8 ಇಂಚಿನ ದೂರದರ್ಶಕ ಮತ್ತು ಕ್ಯಾಮೆರಾ ಇದೆ. ಅಳತೆ ಕಳಿಸಿದರೆ ಸ್ವೀಕರಿಸುತ್ತಾರಾ?

ಕ್ಷುದ್ರಗ್ರಹಗಳ ಅಳತೆಗಳನ್ನು ಜಗತ್ತಿನೆಲ್ಲೆಡೆಯಿಂದ ಕೂಡಿಹಾಕುವ ಮೈನರ್ ಪ್ಲಾನೆಟ್ ಸೆಂಟರ್‌ನಿಂದ ವೀಕ್ಷಣಾಲಯದ ಸಂಕೇತ ಪಡೆಯಬೇಕು. ಅದಕ್ಕೆ ಈಗಾಗಲೇ ಗುರುತಿರುವ ಕ್ಷುದ್ರಗ್ರಹಗಳನ್ನು ಒಂದಕ್ಕಿಂತ ಹೆಚ್ಚು ರಾತ್ರಿ ಅಳೆದು, ತಪ್ಪು ಒಂದು ಆರ್ಕ್‌ಸೆಕೆಂಡಿನೊಳಗಿದೆ (ಒಂದು ಡಿಗ್ರಿಯ 3,600ನೇ ಒಂದು ಪಾಲು) ಎಂದು ತೋರಿಸಬೇಕು. ಮುಂಬಯಿಯ ಬೆಳಕಿನಲ್ಲಿ ಮಂಕಾದವು ಸಿಗುವುದಿಲ್ಲ. ವಾಂಗಣಿ, ಮುರ್ಬಾಡ್ ಕಡೆ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ಬಿಟ್ಟದ್ದು. ಗೋವಾ, ಕೊಂಕಣದಲ್ಲಿ ಉಳಿದ ತಿಂಗಳೂ ಇಬ್ಬನಿ ಮಸೂರಕ್ಕೆ ಕೂರುತ್ತದೆ, ಬಿಸಿಪಟ್ಟಿ ಸುತ್ತಿಡಿ.

ಬಂಡೆ ನಿಮಿಷಕ್ಕೆ 10 ಆರ್ಕ್‌ಸೆಕೆಂಡ್ ಓಡುತ್ತಿದ್ದು, ನಿಮ್ಮ ಚಿತ್ರದಲ್ಲಿ ನಕ್ಷತ್ರದ ಚುಕ್ಕೆ 3 ಆರ್ಕ್‌ಸೆಕೆಂಡ್ ಅಗಲವಿದ್ದರೆ, 18 ಸೆಕೆಂಡಿಗಿಂತ ಹೆಚ್ಚು ತೆರೆದಿಟ್ಟರೆ ಚುಕ್ಕೆ ಗೆರೆಯಾಗುತ್ತದೆ. ಚಿಕ್ಕ ಚಿತ್ರಗಳನ್ನು ಹಲವು ತೆಗೆದು, ಬಂಡೆಯ ಓಟಕ್ಕೆ ಸರಿಯಾಗಿ ಜರುಗಿಸಿ ಒಟ್ಟುಗೂಡಿಸಿ.

ಹಲವು ವರದಿಗಳು ತಿರಸ್ಕಾರವಾಗುವುದು ಕನ್ನಡಿಯ ದೋಷದಿಂದಲ್ಲ, ಗಡಿಯಾರದಿಂದ. ನಿಮಿಷಕ್ಕೆ 60 ಆರ್ಕ್‌ಸೆಕೆಂಡ್ ಓಡುವ ಬಂಡೆಗೆ ಒಂದು ಸೆಕೆಂಡಿನ ತಪ್ಪು ಒಂದು ಪೂರ್ತಿ ಆರ್ಕ್‌ಸೆಕೆಂಡಿನ ತಪ್ಪಾಗುತ್ತದೆ. ಕಂಪ್ಯೂಟರಿನ ಗಡಿಯಾರವನ್ನು ರಾತ್ರಿ ಶುರುವಿನಲ್ಲಿ ಒಮ್ಮೆ ಮಾತ್ರ ಹೊಂದಿಸಿ ಬಿಟ್ಟರೆ ಬೆಳಗಿನ ಹೊತ್ತಿಗೆ ಅದು ಜಾರಿರುತ್ತದೆ. ಕೆಲವು ನಿಮಿಷಕ್ಕೊಮ್ಮೆ ತಾನೇ ಹೊಂದಿಕೊಳ್ಳುವಂತೆ ಮಾಡಿ, ಇಲ್ಲವೇ ಜಿಪಿಎಸ್ ಜೋಡಿಸಿ. ವರದಿಯಲ್ಲಿ ಬರೆಯಬೇಕಾದದ್ದು ಚಿತ್ರ ಶುರುವಾದ ಸಮಯವಲ್ಲ, ಅದರ ನಡುವಿನ ಸಮಯ, ಅದೂ ಜಾಗತಿಕ ಸಮಯದಲ್ಲಿ. ಐದೂವರೆ ಗಂಟೆ ಕಳೆಯುವಾಗ ತಾರೀಖೂ ಹಿಂದಕ್ಕೆ ಹೋಗಬಹುದು: ಇಲ್ಲಿ 14ರ ಬೆಳಗಿನ ಜಾವ 3 ಗಂಟೆಗೆ ತೆಗೆದದ್ದು ಅಲ್ಲಿಗೆ 13ರ ರಾತ್ರಿ 9:30.